ಎಂಬತ್ತರ ಮೇಲೆ ನಿಂತ ಮುಳ್ಳು

ಫೋಟೋದಲ್ಲಿ ಮುಳ್ಳು ಎಂಬತ್ತರ ಮೇಲಿತ್ತು. ದೇವಾನಂದ ಅದನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಮೂರು ಸಲ ನೋಡಿದ. ವಿಜಯಪುರದ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್ ಆಗಿ ಅವನಿಗೆ ಇಪ್ಪತ್ತಾರು ವರ್ಷ ಕಳೆದಿತ್ತು. ಮುಳ್ಳು ಯಾವ ಗೆರೆಯ ಮೇಲಿದೆ ಅನ್ನುವುದರಲ್ಲಿ ಅವನ ಕಣ್ಣು ತಪ್ಪುವುದು ಕಡಿಮೆ. ಎಂಬತ್ತು ಅಂದರೆ ಎಂಬತ್ತೇ. ಗಾಜಿನ ಒಂದು ಅಂಚು ಸೀಳಿತ್ತು, ಮೀಟರಿನ ಡಬ್ಬಿಗೆ ಮಣ್ಣು ಮೆತ್ತಿತ್ತು.

ಫೋಟೋ ಕಳಿಸಿದವನು ಪ್ರತಾಪ, ತೀರಿಹೋದ ಅಣ್ಣ ದಶರಥನ ಮಗ. ತಿಕೋಟಾದ ಒಣದ್ರಾಕ್ಷಿ ಘಟಕವೊಂದರಲ್ಲಿ ಸೂಪರ್‌ವೈಸರ್ ಆಗಿದ್ದ. ಫೋಟೋದ ಬೆನ್ನಿಗೇ ಅವನ ಫೋನೂ ಬಂತು.

"ಕಾಕಾ, ಕಾಖಂಡಕಿ ಹಂತ್ಯಾಕ ಗಾಡಿ ಬಿತ್ತು. ನನಗ ಏನೂ ಆಗಿಲ್ಲ, ಮೊಣಕಾಲ ಕೆತ್ತೇತಿ ಅಷ್ಟ. ಒಬ್ಬ ಅಜ್ಜಗ ಪೆಟ್ಟಾಗೇತಿ. ಹೆಗಲ ಎಲುಬು ಮುರದೈತಿ ಅಂತ ಬಬಲೇಶ್ವರದ ಡಾಕ್ಟರ್ ಹೇಳಿದ್ರು."

"ಯಾರ ಅಜ್ಜ?"

"ಅಮೋಘಸಿದ್ದ ಅಂತ. ಕುರಿ ಹೊಡಕೊಂಡ ಹೊಂಟಿದ್ದ. ಈ ಫೋಟೋ ಅವನ ಮಗಳ ತಗದಾಳ. ಗಾಡಿ ಬಿದ್ದು, ಇಂಜಿನ್ ಬಂದಾಗಿ, ಅಜ್ಜನ್ನ ದವಾಖಾನಿಗೆ ಕಳಿಸಿದ ಮ್ಯಾಲ ತಗದದ್ದು. ಆವಾಗೂ ಮುಳ್ಳ ಅಲ್ಲೇ ನಿಂತಿತ್ತು."

"ನೀ ಎಷ್ಟರಾಗಿದ್ದಿ?"



"ಮೂವತ್ತು, ಮೂವತ್ತೈದು," ಅಂದ ಪ್ರತಾಪ. "ಅದಕ್ಕಿಂತ ಹೆಚ್ಚ ಇರಲಿಲ್ಲ ಕಾಕಾ."

ಫೋನಿಟ್ಟ ಮೇಲೆ ದೇವಾನಂದ ಧೂಳು ಹೊಡೆಯುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ಸ್ಟೂಲಿನ ಮೇಲೆ ಕೂತ. ಅಜ್ಜನ ಹೆಗಲು ಮುರಿದದ್ದು ಕೆಟ್ಟದ್ದೇ. ಆದರೆ ದೇವಾನಂದನನ್ನು ಕೂಡಿಸಿದ್ದು ಬೇರೆ ಸಂಗತಿ. ಆ ಸ್ಪೀಡೋಮೀಟರನ್ನು ಎರಡು ತಿಂಗಳ ಹಿಂದೆ ರಿಪೇರಿ ಮಾಡಿದವನು ಅವನೇ.

ಆ ಮೋಟರ್‌ಸೈಕಲ್ಲು ದಶರಥನದು. ಎಂಬತ್ತೇಳನೇ ಇಸವಿಯಲ್ಲಿ ಪೋಸ್ಟಿನ ನೌಕರಿ ಕಾಯಂ ಆದಾಗ ತಗೊಂಡದ್ದು. ಹ್ಯಾಂಡಲ್ ನಡುವೆ ಎರಡು ದುಂಡನೆಯ ಡಬ್ಬಿ: ದೊಡ್ಡದು ಸ್ಪೀಡೋಮೀಟರು, ಸಣ್ಣದು ಬ್ಯಾಟರಿಯ ಚಾರ್ಜು ತೋರಿಸುವ ಆಂಪಿಯರ್ ಮೀಟರು. ದಶರಥ ಹೋದ ಮೇಲೆ ಮೂರು ವರ್ಷ ತಿಕೋಟಾದ ಮನೆಯ ಪಡಸಾಲೆಯಲ್ಲಿ ಗೋಣಿತಟ್ಟು ಹೊದ್ದು ನಿಂತಿದ್ದ ಗಾಡಿಯನ್ನು ಪ್ರತಾಪ ಹೋದ ನವೆಂಬರಿನಲ್ಲಿ ಹೊರಗೆ ತೆಗೆದ. ಇಂಜಿನ್ ಎಂಟು ಹತ್ತು ಕಿಕ್ಕಿಗೆ ಎದ್ದಿತು. ಮೀಟರುಗಳು ಏಳಲಿಲ್ಲ. ಸ್ಪೀಡೋಮೀಟರಿನ ಮುಳ್ಳು ಮೂವತ್ತರ ತನಕ ಮಲಗಿರುವುದು, ಆಮೇಲೆ ಒಮ್ಮೆಗೇ ಹಾರಿ ಐವತ್ತಕ್ಕೆ ಬಡಿಯುವುದು. ಗಾಡಿ ನಿಂತ ಮೇಲೂ ಮನಸ್ಸಿಲ್ಲದ ಮನಸ್ಸಿನಿಂದ ತಡೆದು ತಡೆದು ಇಳಿಯುವುದು. ಸಣ್ಣ ಮೀಟರಿನ ಮುಳ್ಳಂತೂ ಎಡಕ್ಕೆ ವಾಲಿ ಅಲ್ಲೇ ಕಚ್ಚಿಕೊಂಡಿತ್ತು.

ಡಿಸೆಂಬರಿನಲ್ಲಿ ಪ್ರತಾಪ ಎರಡೂ ಡಬ್ಬಿ ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿಕೊಂಡು ವಿಜಯಪುರಕ್ಕೆ ಬಂದ. ದೇವಾನಂದ ಎರಡು ಭಾನುವಾರ ಮಾಳಿಗೆಯ ಮೇಲೆ ಬಿಸಿಲಿಗೆ ಕೂತು ಕೆಲಸ ಮಾಡಿದ. ಗಾಜು ಹಿಡಿದ ಪಟ್ಟಿಯ ಅಂಚನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಜೋಳದ ಕಾಳಿನ ದಪ್ಪದಷ್ಟು ಎತ್ತುತ್ತ, ಒಂದು ಸುತ್ತು ಬರಲು ಅರ್ಧ ತಾಸು ಹಿಡಿಯಿತು. ಒಳಗೆ ಕೇಬಲ್ಲಿನ ಜೊತೆ ತಿರುಗುವ ಅಯಸ್ಕಾಂತ. ಅದರ ಮೇಲೆ ಕವುಚಿದ, ಆದರೆ ಎಲ್ಲೂ ತಾಗದ ಅಲ್ಯುಮಿನಿಯಂ ಬಟ್ಟಲು. ಬಟ್ಟಲಿಗೆ ಜೋಡಿಸಿದ ಮುಳ್ಳು. ಮುಳ್ಳನ್ನು ಸೊನ್ನೆಗೆ ಎಳೆದಿಡುವ, ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗು. ಅಯಸ್ಕಾಂತ ಎಷ್ಟು ಜೋರಾಗಿ ತಿರುಗಿದರೆ ಬಟ್ಟಲು ಅದರ ಸೆಳೆತಕ್ಕೆ ಅಷ್ಟು ಹೊರಳುತ್ತದೆ. ಇಷ್ಟೇ ಅದರ ಯುಕ್ತಿ. ನಲವತ್ತು ವರ್ಷದ ಹಿಂದಿನ ಗ್ರೀಸು ಆರಿದ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕುಳಿತಿತ್ತು. ದೇವಾನಂದ ಪೆಟ್ರೋಲಿನಿಂದ ತೊಳೆದ, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದ, ಎಣ್ಣೆ ಬಿಟ್ಟ, ಮುಚ್ಚಿದ. ಸಣ್ಣ ಮೀಟರಿನ ತುಕ್ಕು ಕೆರೆದ. ಜನವರಿಯಲ್ಲಿ ಪ್ರತಾಪ ಫೋನ್ ಮಾಡಿ, "ಕಾಕಾ, ಮುಳ್ಳ ಈಗ ನೀರ ಏರಿದಂಗ ಏರತೈತಿ" ಅಂದಿದ್ದ. ಆ ಮಾತನ್ನು ದೇವಾನಂದ ಕಾಲೇಜಿನಲ್ಲಿ ಎರಡು ಮೂರು ಮಂದಿಗೆ ಹೇಳಿಯೂ ಇದ್ದ.

ಈಗ ಅವನಿಗೆ ದಾರಿ ಎರಡೇ ಕಂಡವು. ತನ್ನ ರಿಪೇರಿ ಸರಿ ಇದ್ದರೆ ಮುಳ್ಳು ಹೇಳಿದ್ದು ನಿಜ. ಪ್ರತಾಪ ಎಂಬತ್ತರಲ್ಲಿ ಬಂದು ಮುದುಕನನ್ನು ಕೆಡವಿ ಸುಳ್ಳು ಹೇಳುತ್ತಿದ್ದಾನೆ. ಪ್ರತಾಪ ಹೇಳುವುದು ನಿಜವಿದ್ದರೆ ತನ್ನ ಕೈ ಕೆಟ್ಟಿದೆ. ಎರಡರಲ್ಲಿ ಒಂದು ಸುಳ್ಳಾಗಲೇಬೇಕು. ಯಾವುದು ಸುಳ್ಳಾದರೆ ತನಗೆ ಸಮಾಧಾನ ಅನ್ನುವುದೂ ಅವನಿಗೆ ತಿಳಿಯಲಿಲ್ಲ.

ಸಂಜೆ ನಾಲ್ಕರ ಬಸ್ಸಿಗೆ ತಿಕೋಟಾಕ್ಕೆ ಹೋದ. ಪ್ರತಾಪ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ. ಮೊಣಕಾಲಿಗೆ ಪಟ್ಟಿ. ಅವನ ತಾಯಿ ಸೋನಾಬಾಯಿ ಚಹಾ ತಂದಿಟ್ಟು, ದೇವಾನಂದ ಕೇಳುವ ಮೊದಲೇ ಹೇಳಿದಳು.

"ಅಂವ ಎಂಬತ್ತ ಓಡ್ಸಾಂವಲ್ಲ, ದೇವಾನಂದ. ಅಪ್ಪನ ಗಾಡಿ ಅಂತ ಎತ್ತಿನ ಬಂಡಿ ಹೊಡದಂಗ ಹೊಡಿತಾನ. ಬಜಾರಕ ಹೋಗಿ ಬರಾಕ ಒಂದ ತಾಸ ಮಾಡ್ತಾನ."

"ನಾ ಅವನ್ನ ಕೇಳಾಕ ಬಂದೇನ ವೈನಿ," ಅಂದ ದೇವಾನಂದ. ಪ್ರತಾಪನ ಕಡೆ ತಿರುಗಿದ. "ಬೀಳೂಕಿಂತ ಮೊದಲ ಮುಳ್ಳ ಎಲ್ಲಿತ್ತು?"

ಪ್ರತಾಪ ಪಟ್ಟಿಯ ಅಂಚಿನ ದಾರ ಎಳೆಯುತ್ತಿದ್ದ. "ನೆನಪಿಲ್ಲ ಕಾಕಾ."

"ಮೂವತ್ತು ಮೂವತ್ತೈದು ಅಂದಿ. ಮುಳ್ಳ ನೋಡದ ಹ್ಯಾಂಗ ಹೇಳಿದಿ?"

"ಗಾಡಿ ಸಪ್ಪಳದ ಮ್ಯಾಲ ಗೊತ್ತಾಗತೈತಲ್ಲ."

ಪ್ರಯೋಗ ಮಾಡದೆಯೇ ರೀಡಿಂಗ್ ಬರೆದಿಟ್ಟ ಹುಡುಗರ ದನಿಯನ್ನು ದೇವಾನಂದ ಇಪ್ಪತ್ತಾರು ವರ್ಷ ಕೇಳಿದ್ದ. ಇದು ಹಾಗೇ ಇತ್ತು. ಆದರೆ ಪ್ರಯೋಗ ಸರಿಯಾಗಿಯೇ ಮಾಡಿ, ಉತ್ತರ ಪುಸ್ತಕದ ಹಾಗೆ ಬರಲಿಲ್ಲವೆಂದು ಹೆದರಿದ ಹುಡುಗರೂ ಇದೇ ದನಿಯಲ್ಲಿ ಮಾತಾಡುತ್ತಿದ್ದರು. ಯಾವುದೆಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ.

"ಗಾಡಿ ಎಲ್ಲೈತಿ?"

"ಅವರ ಮನಿ ಮುಂದ. ರೇಣುಕಾ ಅಂತ ಆ ಅಜ್ಜನ ಮಗಳು. ಪಂಚಾಯಿತಿ ಲೈಬ್ರರಿ ನೋಡಕೋತಾಳ. ಮೀಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಹಾಕ್ಯಾಳ. ತಿಳದಾಂವ ಯಾರರೆ ಬಂದು ನೋಡೂತನಾ ಯಾರೂ ಮುಟ್ಟಬ್ಯಾಡ್ರಿ ಅಂದಾಳ. ಆಮ್ಯಾಲ ಠಾಣೇಕ ಹೋಗೂದೋ ಬಿಡೂದೋ ನೋಡತೇವಿ ಅಂತ."

"ತಿಳದಾಂವ ಅಂದ್ರ?"

"ನಿನ್ನ ಹೆಸರ ಹೇಳೇನಿ. ನಮ್ಮ ಕಾಕಾ ಕಾಲೇಜ್ ಲ್ಯಾಬಿನಾಗ ಅದಾನ, ಅವಗ ಮೀಟರ್ ಗೊತ್ತು ಅಂತ. ಆತು, ಐತವಾರ ಕರಕೊಂಡ ಬಾ ಅಂದಾಳ."

"ರಿಪೇರಿ ನಾನ ಮಾಡೇನಂತ ಹೇಳಿದಿ?"

"ಇಲ್ಲ."

ಚಹಾ ಆರಿಹೋಗಿತ್ತು. ದೇವಾನಂದ ಅದನ್ನು ಹಾಗೇ ಕುಡಿದು ಎದ್ದ.

ಶನಿವಾರ ಮಧ್ಯಾಹ್ನ ಕ್ಲಾಸುಗಳು ಮುಗಿದ ಮೇಲೆ ಅವನು ಲ್ಯಾಬಿನ ಬಾಗಿಲು ಮುಂದೆ ಮಾಡಿಕೊಂಡು ಬ್ಯಾಟರಿ ಡ್ರಿಲ್ ತೆಗೆದ. ಆ ಮೀಟರಿನ ಲೆಕ್ಕ ಅವನಿಗೆ ಬಾಯಿಪಾಠ: ಕೇಬಲ್ ನಿಮಿಷಕ್ಕೆ ಐನೂರು ಸುತ್ತು ತಿರುಗಿದರೆ ಮುಳ್ಳು ಮೂವತ್ತು ತೋರಿಸಬೇಕು, ಸಾವಿರ ತಿರುಗಿದರೆ ಅರವತ್ತು. ಸುತ್ತು ಅಳೆಯುವ ಮಿಂಚುದೀಪ ಹಚ್ಚಿ, ಡ್ರಿಲ್ಲಿನ ಗುಂಡಿ ಎಷ್ಟು ಒತ್ತಿದರೆ ಐನೂರು, ಎಷ್ಟು ಒತ್ತಿದರೆ ಸಾವಿರ ಅಂತ ನೋಡಿ, ಗುಂಡಿಯ ಪಕ್ಕದಲ್ಲಿ ಪೆನ್ನಿನಿಂದ ಎರಡು ಗೆರೆ ಎಳೆದ. ಕೆಲಸ ಮುಗಿದಾಗ ಸ್ವಲ್ಪ ಗೆಲುವೆನಿಸಿತು. ಯಂತ್ರವನ್ನು ಕೇಳಿದರೆ ಯಂತ್ರ ಹೇಳುತ್ತದೆ, ಮನುಷ್ಯರನ್ನು ಕೇಳಿಯೇ ಹೀಗಾಗುವುದು ಅಂದುಕೊಂಡ. ಬಾಗಿಲು ಹಾಕಿ ಹೊರಗೆ ಬರುವಷ್ಟರಲ್ಲಿ, ಯಂತ್ರ ಪ್ರತಾಪನ ವಿರುದ್ಧ ಹೇಳಿದರೆ ಸೋನಾಬಾಯಿಗೆ ಏನೆಂದು ಹೇಳಲಿ ಅನ್ನುವ ಯೋಚನೆ ಬಂದು ಆ ಗೆಲುವೂ ಹೋಯಿತು.

ಭಾನುವಾರ ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಪ್ರತಾಪ ಕಾಯುತ್ತಿದ್ದ. ಇಬ್ಬರೂ ಕಾಖಂಡಕಿಯ ಬಸ್ಸು ಹತ್ತಿದರು. ದಾರಿಯಲ್ಲಿ ಒಂದು ತಿರುವು ದಾಟಿದ ಮೇಲೆ ಪ್ರತಾಪ ಕಿಟಕಿಯ ಹೊರಗೆ ಕೈ ತೋರಿಸಿ "ಇಲ್ಲೇ" ಅಂದ. ಎರಡು ಕಡೆ ಜಾಲಿ, ನಡುವೆ ನೆಟ್ಟಗಿನ ರಸ್ತೆ. ಎಂಬತ್ತರಲ್ಲಿಯೂ ಹೋಗಬಹುದಾದ ರಸ್ತೆ, ಮೂವತ್ತರಲ್ಲಿಯೂ ಹೋಗಬಹುದಾದ ರಸ್ತೆ. ಅದನ್ನು ನೋಡಿ ದೇವಾನಂದನಿಗೆ ಏನೂ ತಿಳಿಯಲಿಲ್ಲ.

ಅಮೋಘಸಿದ್ದನ ಮನೆ ಊರ ಹೊರಗಿನ ಸಾಲಿನಲ್ಲಿತ್ತು. ಮುಂದೆ ಬೇವಿನ ಮರ, ಪಕ್ಕದಲ್ಲಿ ಬಲೆ ಕಟ್ಟಿದ ಕುರಿಹಟ್ಟಿ. ನಾಲ್ಕು ದಿನದಿಂದ ಹೊರಗೆ ಹೋಗದ ಕುರಿಗಳು ಒಂದೇ ಸಮನೆ ಒದರುತ್ತಿದ್ದವು. ಎದೆಗೆ ಅಡ್ಡವಾಗಿ ಪಟ್ಟಿ ಕಟ್ಟಿಸಿಕೊಂಡು ಮುದುಕ ಹೊರಸಿನ ಮೇಲೆ ಕೂತಿದ್ದ. ದೇವಾನಂದ ಬೇವಿನ ಬುಡದ ಕಲ್ಲಿನ ಮೇಲೆ ಕೂರಲು ಹೋದಾಗ ಮುದುಕ ತನ್ನ ಕಾಲು ಮಡಚಿ ಹೊರಸಿನ ಮೇಲೆ ಜಾಗ ಮಾಡಿದ.

"ಅಲ್ಲಿ ಇರುವಿ ಅದಾವ. ಇಲ್ಲಿ ಬಾ."

ರೇಣುಕಾ ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ಕಿವಿಗೆ ಸಣ್ಣ ಬೆಂಡೋಲೆ, ಕೈಯಲ್ಲಿ ಒಂದು ನೋಟ್‌ಬುಕ್ಕು ಕೂಡ.

"ಸರ್, ನನಗ ಬ್ಯಾರೆ ಏನೂ ಬೇಕಾಗಿಲ್ರಿ," ಅಂದಳು. "ನಿಮ್ಮ ಹುಡುಗ ದವಾಖಾನಿಗೆ ಬಂದಾನ, ಔಷಧ ತಂದಕೊಟ್ಟಾನ, ಎಲ್ಲಾ ಖರೆ. ಆದ್ರ ಮೂವತ್ತರಾಗಿದ್ದೆ ಅಂತ ಹೇಳ್ತಾನ. ಮುಳ್ಳ ಎಂಬತ್ತ ತೋರಸ್ತೈತಿ. ಊರ ಮಂದಿ, ಮನಶಾರು ಸುಳ್ಳ ಹೇಳತಾರ, ಮುಳ್ಳ ಹೇಳೂದಿಲ್ಲ ಅಂತಾರ. ನಮ್ಮಪ್ಪನ್ನ ಕೆಡವಿದಾಂವ ಖರೆ ಹೇಳಾಕತ್ತಾನೋ ಇಲ್ಲೋ, ಅಷ್ಟ ನನಗ ಗೊತ್ತಾಗಬೇಕು."

"ನೋಡೂಣವಾ," ಅಂದ ದೇವಾನಂದ. ಆಗಲೇ ಹೇಳಿಬಿಡಬೇಕಿತ್ತು, ಇದನ್ನು ರಿಪೇರಿ ಮಾಡಿದವನು ನಾನೇ ಅಂತ. ಮೊದಲು ನೋಡಿ ಆಮೇಲೆ ಹೇಳಿದರಾಯಿತು ಅಂದುಕೊಂಡ.

ಚೀಲ ಬಿಚ್ಚಿದರು. ಮುಳ್ಳು ಎಂಬತ್ತರ ಮೇಲೆಯೇ ಇತ್ತು. ಪಕ್ಕದ ಸಣ್ಣ ಮೀಟರಿನ ಮುಳ್ಳು ನಟ್ಟ ನಡುವೆ, ಇರಬೇಕಾದಲ್ಲಿ, ಆರಾಮಾಗಿ ನಿಂತಿತ್ತು. ಒಂದೇ ಕೈ, ಒಂದೇ ವಾರ, ಒಂದು ಸರಿ ಇದೆ ಇನ್ನೊಂದು ಹೀಗೆ. ದೇವಾನಂದ ಡಬ್ಬಿಯನ್ನು ಮುಟ್ಟದೆ ಕೆಳಗಿನ ಕೇಬಲ್ಲಿನ ನಟ್ಟು ಮಾತ್ರ ಬಿಚ್ಚಿ, ಅಲ್ಲಿಗೆ ಡ್ರಿಲ್ಲಿನ ಮೂತಿ ಕೂಡಿಸಿದ. ಮೊದಲ ಗೆರೆಯ ತನಕ ಗುಂಡಿ ಒತ್ತಿದ. ಐನೂರು ಸುತ್ತು. ಮುಳ್ಳು ಎಂಬತ್ತು ಬಿಟ್ಟು ಅಲುಗಲಿಲ್ಲ. ಗಾಜಿನ ಮೇಲೆ ಉಗುರಿನಿಂದ ಮೆಲ್ಲಗೆ ತಟ್ಟಿದ. ಮುಳ್ಳು ದೊಪ್ಪನೆ ಇಪ್ಪತ್ತಕ್ಕೆ ಬಿತ್ತು.

"ಈಗ ಎಷ್ಟ ಇರಬೇಕಾಗಿತ್ರಿ?" ಕೇಳಿದಳು ರೇಣುಕಾ.

"ಮೂವತ್ತು."

ಅವಳು ಬರೆದುಕೊಂಡಳು. ಡ್ರಿಲ್ ನಿಲ್ಲಿಸಿ ಮತ್ತೆ ಅಷ್ಟೇ ಒತ್ತಿದ. ಈ ಸಲ ಮುಳ್ಳು ಮೂವತ್ತು ದಾಟಿ, ಐವತ್ತು ದಾಟಿ, ಎಪ್ಪತ್ತೈದಕ್ಕೆ ಹೋಯಿತು. ಡ್ರಿಲ್ ನಿಂತರೂ ಇಳಿಯಲಿಲ್ಲ. ಮೂರನೆಯ ಸಲ ನಲವತ್ತೈದರಲ್ಲಿ ನಿಂತಿತು. ನಾಲ್ಕನೆಯ ಸಲ ಸರಿಯಾಗಿ ಮೂವತ್ತು ತೋರಿಸಿ, ಒಳ್ಳೆಯ ಮೀಟರಿನ ಹಾಗೆ ಸೊನ್ನೆಗೆ ಬಂದು ಕೂತಿತು. ಐದನೆಯ ಸಲ ಅರವತ್ತು. ಹೀಗೆ ಹತ್ತು ಸಲ ಮಾಡಿದ. ಕೈ ಒಂದೇ, ಗೆರೆ ಒಂದೇ, ಉತ್ತರ ಹತ್ತು. ಒಂಬತ್ತನೆಯ ಸಲ ಎಂಬತ್ತೂ ಬಂತು.

ರೇಣುಕಾ ನೋಟ್‌ಬುಕ್ಕನ್ನು ಮೇಲಿನಿಂದ ಕೆಳಗೆ ಓದಿದಳು. "ಇದರ ಅರ್ಥ ಏನ್ರಿ?"

"ನನಗೂ ತಿಳೀವಲ್ದು," ಅಂದ ದೇವಾನಂದ. ಅದು ನಿಜವೇ ಆಗಿತ್ತು. ಮೀಟರು ಹೆಚ್ಚು ತೋರಿಸುತ್ತದೆ ಅಂದರೆ ಒಂದು ಮಾತು, ಕಡಿಮೆ ತೋರಿಸುತ್ತದೆ ಅಂದರೆ ಒಂದು ಮಾತು. ಇದು ತೋಚಿದ್ದು ತೋರಿಸುತ್ತಿತ್ತು. "ಬಿಚ್ಚಿ ನೋಡಬೇಕು. ಬಿಚ್ಚಲೇನವಾ?"

ಅವಳು ತಂದೆಯ ಮುಖ ನೋಡಿದಳು. ಮುದುಕ ಹಟ್ಟಿಯ ಕಡೆ ನೋಡುತ್ತಿದ್ದ. "ಬಿಚ್ರಿ," ಅಂದಳು.

ಡಬ್ಬಿಯನ್ನು ಹೊರಸಿನ ಮೇಲೆ ಟವೆಲ್ ಹಾಸಿ ಇಟ್ಟು ಪಟ್ಟಿ ಎತ್ತಿದ. ಎರಡು ತಿಂಗಳ ಹಿಂದೆ ಅವನೇ ಬಗ್ಗಿಸಿದ ಅಂಚು ಬೇಗ ಬಿಟ್ಟಿತು. ಗಾಜು ತೆಗೆದ, ಮುಳ್ಳು ತೆಗೆದ, ಎರಡು ಸ್ಕ್ರೂ ಬಿಚ್ಚಿ ಬಟ್ಟಲನ್ನು ಮೇಲೆತ್ತಿದ. ಅದು ಸಲೀಸಾಗಿ ಬರಲಿಲ್ಲ. ಸಣ್ಣಗೆ ಚಿಟ್ ಅಂದು ಬಿಟ್ಟಿತು, ಅಂಟು ಹಚ್ಚಿದ ಲಕೋಟೆ ಬಿಟ್ಟ ಹಾಗೆ. ಒಳಮೈಗೆ ಕಪ್ಪು ಜಿಗುಟು ಸವರಿತ್ತು. ಅಯಸ್ಕಾಂತದ ಮೇಲೂ ಅದೇ. ಬೆರಳಿಗೆ ಹಚ್ಚಿಕೊಂಡು ಮೂಸಿದ. ಹೊಲಿಗೆ ಯಂತ್ರದ ಎಣ್ಣೆ. ಅವನ ಮನೆಯ ಕಪಾಟಿನಲ್ಲಿ ಇದ್ದ ಎಣ್ಣೆ.

ಅಯಸ್ಕಾಂತವನ್ನು ತಿರುಗಿಸುವ ಕೆಳಗಿನ ಕಂಬಕ್ಕೆ ಒಂದೇ ಹನಿ ಹಾಕಬೇಕು, ಅದೂ ಸೂಜಿಯ ತುದಿಯಿಂದ. ಇದು ಅವನಿಗೆ ಗೊತ್ತಿತ್ತು. ಲ್ಯಾಬಿನ ಮೀಟರುಗಳ ಒಳಗೆ ಎಣ್ಣೆ ಬೀಳಿಸಿದ ಹುಡುಗರಿಗೆ ಅವನೇ ಬೈದಿದ್ದ. ಸಣ್ಣ ಮೀಟರಿಗೆ ಎಣ್ಣೆ ಬೇಕಿರಲಿಲ್ಲ, ಹಾಕಿರಲಿಲ್ಲ, ಅದಕ್ಕೇ ಅದು ಸರಿ ಇತ್ತು. ಇದಕ್ಕೆ ಮಾತ್ರ ಆ ಭಾನುವಾರ ಎರಡನೆಯ ಹನಿ ಹಾಕಿದ್ದ. ಮೂರನೆಯದೂ ಹಾಕಿದ್ದನೇನೋ. ಯಾಕೆ ಹಾಕಿದೆ ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಬಿಸಿಲು ನೆನಪಿತ್ತು, ಕೆಳಗಿನ ಓಣಿಯಲ್ಲಿ ಗಾದಿ ತುಂಬುವವನ ಬಿಲ್ಲಿನ ಸಪ್ಪಳ ನೆನಪಿತ್ತು, ಎಣ್ಣೆಯ ಡಬ್ಬಿ ಹಿಡಿದ ಕೈ ನೆನಪಿತ್ತು. ಕಾರಣ ನೆನಪಿರಲಿಲ್ಲ. ಆ ಎಣ್ಣೆ ಗಾಡಿಯ ಕುಲುಕಿಗೆ, ಬಿಸಿಲಿಗೆ ಮೆಲ್ಲಗೆ ಮೇಲೆ ಹತ್ತಿ, ಪಟ್ಟಿಯ ಸಂದಿನಿಂದ ಬಂದ ಧೂಳು ಕುಡಿದು, ಎಂದೂ ಒಂದಕ್ಕೊಂದು ತಾಗಬಾರದ ಅಯಸ್ಕಾಂತಕ್ಕೂ ಬಟ್ಟಲಿಗೂ ಗಂಟು ಹಾಕಿತ್ತು. ಅಯಸ್ಕಾಂತ ತಿರುಗಿದರೆ ಎಣ್ಣೆ ಬಟ್ಟಲನ್ನು ಎಳೆದೊಯ್ಯುತ್ತಿತ್ತು, ಸಿಕ್ಕಲ್ಲಿ ಬಿಡುತ್ತಿತ್ತು.

"ಏನ ಕಂಡತ್ರಿ?" ಅಂದಳು ರೇಣುಕಾ.

ದೇವಾನಂದ ಕಪ್ಪಾದ ಬೆರಳನ್ನು ಟವೆಲ್ಲಿಗೆ ಒರೆಸಲಿಲ್ಲ. ಅವಳಿಗೆ ತೋರಿಸಿದ.

"ಇದು ಎಣ್ಣಿ. ಇದನ್ನ ಹಾಕಿದಾಂವ ನಾನ. ಡಿಸೆಂಬರದಾಗ ಈ ಮೀಟರ್ ರಿಪೇರಿ ಮಾಡಿದ್ದು ನಾನ. ಜಾಸ್ತಿ ಹಾಕೇನಿ. ಅದಕ್ಕ ಹಿಡಕೊಂಡೈತಿ."

ರೇಣುಕಾ ಪೆನ್ನು ಮುಚ್ಚಿದಳು. "ಮೊದಲ ಯಾಕ ಹೇಳಲಿಲ್ರಿ? ನೀವ ಮಾಡಿದ್ದು ಅಂತ ಗೊತ್ತಿದ್ರ ನಿಮ್ಮನ್ನ ಕರಸತಿರಲಿಲ್ಲ."

"ಹೌದವಾ. ಹೇಳಬೇಕಿತ್ತು."

"ಈಗ ನೀವು ಹೇಳಿದ್ದು ನಾ ಹ್ಯಾಂಗ ನಂಬಲಿ? ನಿಮ್ಮ ಹುಡುಗನ್ನ ಉಳಸಾಕ ತಪ್ಪ ನಿಮ್ಮ ಮ್ಯಾಲ ಹಾಕೊಂಡ್ರಿ ಅಂದ್ರ?"

ದೇವಾನಂದ ಬಟ್ಟಲನ್ನು ಅವಳ ಮುಂದೆ ಹಿಡಿದ. ಅವಳೂ ಬೆರಳಿಟ್ಟು ನೋಡಿದಳು, ಬೆರಳು ಅಂಟಿತು. ಬೆರಳನ್ನು ಬಿಡಿಸಿಕೊಂಡು ಟವೆಲ್ಲಿಗೆ ಒರೆಸಿದಳು.

"ಆತು. ಎಂಬತ್ತು ಸುಳ್ಳು. ಅಂದ್ರ ಮೂವತ್ತು ಖರೆ ಅಂತ ಆತೇನ್ರಿ?"

ಹೌದು ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಪ್ರತಾಪ ಕುಂಟುತ್ತ ಎರಡು ಹೆಜ್ಜೆ ಹತ್ತಿರ ಬಂದು ನಿಂತಿದ್ದ.

"ಇಲ್ಲವಾ," ಅಂದ ದೇವಾನಂದ. "ಹಂಗೂ ಹೇಳಾಕ ಬರಂಗಿಲ್ಲ. ಇದು ಮೂವತ್ತಕ್ಕೂ ಎಂಬತ್ತ ತೋರಿಸ್ತೈತಿ, ಎಂಬತ್ತಕ್ಕೂ ಎಂಬತ್ತ ತೋರಿಸಬಹುದು. ಈ ಮುಳ್ಳಿಂದ ಯಾವುದೂ ಗೊತ್ತಾಗೂದಿಲ್ಲ."

"ಹಂಗಾರ ಯಾರನ್ನ ಕೇಳಬೇಕ್ರಿ ನಾ?"

"ನನ್ನ ಕೇಳ್ರಿ," ಅಂದ ಪ್ರತಾಪ.

ಎಲ್ಲರೂ ಅವನ ಕಡೆ ತಿರುಗಿದರು. ಅವನು ಗಾಡಿಯ ಸೀಟಿನ ಮೇಲೆ ಕೈಯಿಟ್ಟುಕೊಂಡು, ನೆಲ ನೋಡುತ್ತ ಮಾತಾಡಿದ.

"ಮುಂಜಾನಿಂದನ ಮುಳ್ಳ ಹುಚ್ಚುಚ್ಚಾರ ಆಡಾಕತ್ತಿತ್ರಿ. ಬಬಲೇಶ್ವರ ದಾಟಿದ ಮ್ಯಾಲ ಎಂಬತ್ತಕ್ಕ ಏರಿ ಕುಂತಬಿಡ್ತು. ಗಾಡಿ ಮೆಲ್ಲಕ ಮಾಡಿದೆ, ಇಳೀಲಿಲ್ಲ. ಬೆರಳಿಲೆ ಬಡದೆ. ಒಮ್ಮಿ ಬಡದೆ, ಇಳೀಲಿಲ್ಲ. ಬಗ್ಗಿ ಎರಡನೇ ಸರ್ತಿ ಬಡಿಯೂದರಾಗ ಅಜ್ಜ ಮುಂದಿದ್ದ. ನಾ ರಸ್ತಾ ನೋಡಾಕತ್ತಿರಲಿಲ್ರಿ. ಮುಳ್ಳ ನೋಡಾಕತ್ತಿದ್ದೆ."

"ಎಷ್ಟರಾಗಿದ್ರಿ?" ರೇಣುಕಾಳ ದನಿ ಏರಲಿಲ್ಲ.

"ಗೊತ್ತಿಲ್ರಿ. ಮೂವತ್ತು ಅಂತ ಅನಿಸಿದ್ದು. ನಲವತ್ತ ಇದ್ದೀತು. ಖರೆನ ಗೊತ್ತಿಲ್ಲ."

"ಇದನ್ನ ನಾಕ ದಿನ ಹಿಂದ ಹೇಳಾಕ ಏನಾಗಿತ್ತು?" ಕೇಳಿದ ದೇವಾನಂದ.

"ಹೇಳಿದ್ರ ಮೀಟರ್ ಯಾರ ಮಾಡ್ಯಾರ ಅಂತ ಕೇಳತಿದ್ರು. ನಿಂದ ತಪ್ಪಂತ ಆಗತಿತ್ತು ಕಾಕಾ." ಸ್ವಲ್ಪ ತಡೆದು ಸೇರಿಸಿದ: "ನಂದೂ ಆಗತಿತ್ತು."

ದೇವಾನಂದನ ತಲೆಯೊಳಗೆ ನಾಲ್ಕು ದಿನದಿಂದ ಎರಡು ದಾರಿ ಇದ್ದವು. ಇದು ಎರಡೂ ಅಲ್ಲದ ಮೂರನೆಯದು. ಹುಡುಗ ಸುಳ್ಳು ಹೇಳಿದ್ದ, ಆದರೆ ವೇಗದ ಬಗ್ಗೆ ಅಲ್ಲ. ತನ್ನ ಕೈ ಕೆಟ್ಟಿತ್ತು, ಆದರೆ ಬರೀ ಮುಳ್ಳು ಅಂಟಿದ್ದಕ್ಕೆ ಮುಗಿಯಲಿಲ್ಲ. ಆ ಎರಡನೆಯ ಹನಿಯೇ ಪ್ರತಾಪನ ಕಣ್ಣನ್ನು ರಸ್ತೆಯಿಂದ ಎತ್ತಿ ಮೀಟರಿನ ಮೇಲೆ ಇಟ್ಟಿತ್ತು. ಎಲ್ಲಿಂದ ಯಾರ ತಪ್ಪು ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಹಿಡಿಯಲು ಹೋದರೆ ಅದು ಕೈಗೆ ಸಿಗಲಿಲ್ಲ.

ರೇಣುಕಾ ತಂದೆಯ ಪಕ್ಕ ಹೋಗಿ ಕೂತಳು. "ಯಪ್ಪಾ, ಕೇಳಿದೇನು? ನೀ ಏನಂತಿ?"

ಅಮೋಘಸಿದ್ದ ಅಷ್ಟೂ ಹೊತ್ತು ಕೇಳಿದ್ದನೋ ಇಲ್ಲವೋ. "ನನಗ ಬಿದ್ದದ್ದು ಗೊತ್ತೈತಿ," ಅಂದ. "ಅದರ ಮುಂದಿಂದು ಗೊತ್ತಿಲ್ಲ, ಹಿಂದಿಂದು ಗೊತ್ತಿಲ್ಲ. ಈ ಕುರಿ ನಾಕ ದಿನದಿಂದ ಒದರಾಕತ್ತಾವ. ಇವನ್ನ ಯಾರ ಹೊರಗ ಒಯ್ಯಾವ್ರು? ಅದನ್ನ ಯಾರೂ ಮಾತಾಡವಲ್ರಿ."

ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ. ಎಲುಬು ಕೂಡಲು ಆರು ವಾರ ಅಂತ ಡಾಕ್ಟರ್ ಹೇಳಿದ್ದರು. ರೇಣುಕಾಗೆ ಲೈಬ್ರರಿ ಇತ್ತು. ಆಳು ಸಿಗುವ ಕಾಲ ಅದಲ್ಲ. ಒಣದ್ರಾಕ್ಷಿ ಘಟಕದಲ್ಲಿ ಫೆಬ್ರುವರಿ ಮಾರ್ಚಿನಲ್ಲಿ ಒಂದು ದಿನವೂ ಹೆಚ್ಚಿನ ರಜೆ ಕೊಡುವುದಿಲ್ಲವೆಂದು ಪ್ರತಾಪ ಹೇಳಿದ. ವಾರದ ರಜೆಯ ದಿನ ಮಾತ್ರ ಬರುತ್ತೇನೆ ಅಂದ.

"ಉಳದ ದಿನ ನಾ ಬರತೇನಿ," ಅಂದ ದೇವಾನಂದ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಅವನ ಐವತ್ತೆರಡು ವರ್ಷದಲ್ಲಿ ಒಂದು ಕುರಿಯನ್ನೂ ಅವನು ಎಲ್ಲಿಗೂ ಕರೆದೊಯ್ದಿರಲಿಲ್ಲ. ಆದರೆ ಗಳಿಕೆ ರಜೆ ಇತ್ತು, ಬೇಕಾದಷ್ಟು ಇತ್ತು.

ರೇಣುಕಾ ಅವನನ್ನು ದಿಟ್ಟಿಸಿ ನೋಡಿದಳು. ನೋಟ್‌ಬುಕ್ಕಿನಲ್ಲಿ ಹತ್ತು ರೀಡಿಂಗಿನ ಕೆಳಗೆ ಆ ದಿನ ಯಾರು ಏನು ಹೇಳಿದರೆಂದು ಬರೆದು, ಇಬ್ಬರ ಸಹಿಯನ್ನೂ ಹಾಕಿಸಿಕೊಂಡಳು. "ಠಾಣೇಕ ಹೋಗೂದಿಲ್ಲ ಅಂತ ನಾ ಅಂದಿಲ್ಲ ನೋಡ್ರಿ," ಅಂದಳು. "ಇದು ನನ್ನ ಹತ್ರ ಇರಲಿ."

ಗಾಡಿಯನ್ನು ಪ್ರತಾಪ ಅಂದೇ ತಗೊಂಡು ಹೋದ. ಮೀಟರು ಇದ್ದಲ್ಲಿ ದುಂಡನೆಯ ತೂತು. ಡಬ್ಬಿಯ ಚೂರುಗಳನ್ನು ದೇವಾನಂದ ಟವೆಲ್ಲಿನಲ್ಲಿ ಕಟ್ಟಿಕೊಂಡು ವಿಜಯಪುರಕ್ಕೆ ತಂದ. ತಾನೇ ತೊಳೆದು, ಒರೆಸಿ, ಸೂಜಿಯ ತುದಿಯಿಂದ ಒಂದು ಹನಿ ಹಾಕಿ ಜೋಡಿಸಿದ. ಆದರೆ ಪ್ರತಾಪನಿಗೆ ಕೊಡಲು ಮನಸ್ಸು ಬರಲಿಲ್ಲ. ಕಡೆಗೆ ಗಾಂಧಿಚೌಕದ ಹತ್ತಿರ ಕೈಗಡಿಯಾರ ರಿಪೇರಿ ಮಾಡುವ ರಿಯಾಜನಿಗೆ ಒಯ್ದು ತೋರಿಸಿದ. ರಿಯಾಜ ಕಣ್ಣಿಗೆ ಭೂತಗನ್ನಡಿ ಹಚ್ಚಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದರಾಗ ಏನೂ ಆಗಿಲ್ಲಲ್ರಿ. ಚಲೋ ಕೆಲಸ ಆಗೈತಿ. ಯಾರ ಮಾಡ್ಯಾರ?"

"ಒಬ್ಬ ಮಾಡ್ಯಾನ," ಅಂದ ದೇವಾನಂದ. ಮನೆಗೆ ತಂದು ಕಪಾಟಿನಲ್ಲಿಟ್ಟ. ಸರಿ ಇದೆ ಅಂತ ಡಿಸೆಂಬರಿನಲ್ಲೂ ಅನಿಸಿತ್ತು.

ಕುರಿ ಕಾಯುವುದು ಅವನಿಗೆ ಬರಲಿಲ್ಲ. ಮೊದಲ ವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಕುರಿಗಳೂ ಅವನ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದವು. ಮೂವತ್ತೆಂಟು ಎಣಿಸಬೇಕಾದಲ್ಲಿ ಒಮ್ಮೆ ಮೂವತ್ತಾರು, ಒಮ್ಮೆ ನಲವತ್ತು. ಅಮೋಘಸಿದ್ದ ಪಟ್ಟಿ ಕಟ್ಟಿದ ಕೈಯೊಡನೆಯೇ ಬೆನ್ನಿಗೆ ಬರುತ್ತಿದ್ದ. ಜಾಲಿಯ ನೆರಳಿಗೆ ಕೂತು, ಹೊಡೆಯಬೇಡ, ಮುಂದೆ ನಡಿ, ಅವು ಬರುತ್ತವೆ ಅನ್ನುತ್ತಿದ್ದ. ಮುಂದೆ ನಡೆದರೆ ಅವು ಬರುತ್ತಿರಲಿಲ್ಲ. ಮುದುಕ ಎದ್ದು ನಾಲಗೆಯಿಂದ ಒಂದು ಸಪ್ಪಳ ಮಾಡಿದರೆ ಬರುತ್ತಿದ್ದವು. ದೇವಾನಂದ ಆ ಸಪ್ಪಳ ಕಲಿಯಲು ಹೋಗಿ ಬಾಯಿ ನೋಯಿಸಿಕೊಂಡ. ರೇಣುಕಾ ಬೆಳಿಗ್ಗೆ ಎರಡು ಬುತ್ತಿ ಕಟ್ಟಿ ಕೊಡುತ್ತಿದ್ದಳು. ಹೆಚ್ಚು ಮಾತಾಡುತ್ತಿರಲಿಲ್ಲ. ಮೂರನೆಯ ವಾರ ಒಂದು ದಿನ ಕೇಳದೆಯೇ ಹೇಳಿದಳು: "ಠಾಣೇಕ ಹೋಗೂದಿಲ್ರಿ. ಆದ್ರ ಆ ನೋಟ್‌ಬುಕ್ ಒಗಿಯೂದಿಲ್ಲ."

ಆ ದಿನ ಮಧ್ಯಾಹ್ನ ಬುತ್ತಿ ಉಣ್ಣುವಾಗ ಅಮೋಘಸಿದ್ದ ತಾನಾಗಿಯೇ ಮಾತು ತೆಗೆದ.

"ಗಾಡಿ ಜೋರ ಬಂದಿತ್ತು ಅವತ್ತ. ಗಾಳಿ ಬಂದಂಗ ಬಂತು."

ದೇವಾನಂದ ತಿನ್ನುತ್ತಿದ್ದ ಉಳ್ಳಾಗಡ್ಡಿಯನ್ನು ಕೆಳಗಿಟ್ಟ. ಸಂಜೆ ಬಸ್ಸಿನಲ್ಲಿ ಅದೇ ಮಾತು ಕಿವಿಯಲ್ಲಿತ್ತು. ಪ್ರತಾಪನನ್ನು ಮತ್ತೆ ಕೇಳಬೇಕು ಅನಿಸಿತು, ಕೇಳಿ ಏನು ಮಾಡುವುದು ಅಂತಲೂ ಅನಿಸಿತು. ಎರಡು ದಿನ ಬಿಟ್ಟು ಅದೇ ಜಾಲಿಯ ಕೆಳಗೆ ಮುದುಕ ಮತ್ತೆ ಹೇಳಿದ.

"ಮೆಲ್ಲಕ ಬಂತಪಾ ಗಾಡಿ. ಹಿಂದಿಂದ ಯಾರೋ ಕೈ ಇಟ್ಟಂಗ ಆತು. ತಿರುಗಿ ನೋಡೂದರಾಗ ಬಿದ್ದಿದ್ದೆ."

"ಅಜ್ಜಾ, ಮೊನ್ನಿ ಜೋರ ಬಂತು ಅಂದಿದ್ದಿ."

"ಅಂದಿದ್ದೆನೇನು?" ಮುದುಕ ನಿಜವಾಗಿಯೇ ಯೋಚಿಸಿದ. ಹಣೆಯ ಮೇಲೆ ಕೈಯಿಟ್ಟುಕೊಂಡು ರಸ್ತೆಯ ಕಡೆ ನೋಡಿದ. "ಅಂದಿರಬೇಕು. ಆವಾಗ ಹಂಗ ಅನಿಸಿತ್ತೇನೋ."

"ಈಗ ಏನ ಅನಿಸ್ತೈತಿ?"

"ಈಗ ಅಲ್ಲಿ ನೋಡ, ಆ ಎರಡ ಕುರಿ ಹೊಲದಾಗ ಹೊಕ್ಕೊಂಡ್ವು," ಅಂದ ಮುದುಕ.

ದೇವಾನಂದ ತಿರುಗಿದ. ಎರಡಲ್ಲ, ಐದಾರು ಕುರಿ ಬದು ದಾಟಿ ಯಾರದೋ ಉಳ್ಳಾಗಡ್ಡಿ ಹೊಲಕ್ಕೆ ಇಳಿದಿದ್ದವು. ಉಳಿದವು ಅವುಗಳನ್ನು ನೋಡಿ ತಲೆ ಎತ್ತಿದ್ದವು. ಅವನು ಎದ್ದು, ಅವನ್ನು ಬಲಗಡೆಯಿಂದ ಸುತ್ತುವುದೋ ಎಡಗಡೆಯಿಂದಲೋ ತಿಳಿಯದೆ ಬದುವಿನ ಮೇಲೆ ನಿಂತ.

"ಎಡಕ್ಕ ಹೋಗಪಾ," ಅಂತ ಹಿಂದಿನಿಂದ ಮುದುಕ ಕೂಗಿದ. "ಎಡಕ್ಕ."

ದೇವಾನಂದ ಚಪ್ಪಲಿ ಅಲ್ಲೇ ಬಿಟ್ಟು ಎಡಕ್ಕೆ ಓಡಿದ.